ಹೊಸ ವರ್ಷದ ಗುರಿಗಳು: ಕಟ್ಟುನಿಟ್ಟಿಲ್ಲದೆ ಇಟ್ಟುಕೊಂಡವರ ಅನುಭವ ತಿಳಿಸುವಿರಾ?

ಪ್ರಶ್ನೆ, ವಿಜಯನಗರದಿಂದ:

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ಡಿಸೆಂಬರ್ ಕೊನೆಯಲ್ಲಿ ಐದು ಸಂಕಲ್ಪಗಳನ್ನು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೇನೆ: ನಡಿಗೆ, ಯೋಗ, ಸಕ್ಕರೆ ಬಿಡುವುದು, ಉಳಿತಾಯ, ತಿಂಗಳಿಗೆ ಎರಡು ಕನ್ನಡ ಪುಸ್ತಕ. ಸಂಕ್ರಾಂತಿಯ ಸಕ್ಕರೆ ಅಚ್ಚಿನೊಂದಿಗೆ ಒಂದು ಮುರಿಯುತ್ತದೆ, ತಿಂಗಳು ಮುಗಿಯುವಷ್ಟರಲ್ಲಿ ಉಳಿದವೂ ಅದರ ದಾರಿ ಹಿಡಿಯುತ್ತವೆ, ಆಮೇಲೆ ವರ್ಷವಿಡೀ ಆ ಡೈರಿಯನ್ನು ತೆರೆಯಲೂ ಮುಜುಗರ. 2023ರಲ್ಲಿ ನೇರಳೆ ಮಾರ್ಗ ಪೂರ್ಣಗೊಂಡ ಮೇಲೆ ವೈಟ್‌ಫೀಲ್ಡ್‌ನ ಕಚೇರಿಗೆ ಮೆಟ್ರೊದಲ್ಲೇ ಹೋಗಿಬರುತ್ತೇನಾದರೂ ದಿನದಲ್ಲಿ ಉಳಿಯುವ ಹೊತ್ತು ಕಡಿಮೆ. ಗುರಿಯನ್ನು ಮೃದುವಾಗಿ ಇಟ್ಟುಕೊಂಡು, ಅದು ವರ್ಷವಿಡೀ ನಿಂತದ್ದನ್ನು ಕಂಡವರು ದಯವಿಟ್ಟು ತಿಳಿಸಿ.

ಬಸವನಗುಡಿಯ ನಿವೃತ್ತರೊಬ್ಬರು:

ಮೇಡಂ, ನಿಮ್ಮ ಪಟ್ಟಿಯಲ್ಲಿ ನಡಿಗೆಯ ಬಗ್ಗೆ ಮಾತ್ರ ನಾನು ಹೇಳಬಲ್ಲೆ. ನಿವೃತ್ತನಾದ ವರ್ಷ ಮಗಳು ಹೆಜ್ಜೆ ಎಣಿಸುವ ಕೈಗಡಿಯಾರ ಕೊಡಿಸಿದಳು. ದಿನಕ್ಕೆ 10,000 ಹೆಜ್ಜೆ ಎಂಬ ಗುರಿ ಅದರೊಳಗೇ ಇತ್ತು. ಮಳೆ ಬಂದ ದಿನ ರಾತ್ರಿ ಹತ್ತೂವರೆಗೆ ನಡುಮನೆಯಿಂದ ಅಡುಗೆಮನೆಗೂ ಅಲ್ಲಿಂದ ಮತ್ತೆ ನಡುಮನೆಗೂ ಓಡಾಡಿ ಲೆಕ್ಕ ತುಂಬಿಸಿದ್ದೇನೆ. ಕೆಳಗಿನ ಮನೆಯವರು ಏನೆಂದುಕೊಂಡರೋ ಕಾಣೆ. ಆಗಸ್ಟ್‌ನಲ್ಲಿ ಜ್ವರ ಬಂದು ಹತ್ತು ದಿನ ಮಲಗಿದೆ. ಮತ್ತೆ ಒಂದರಿಂದ ಎಣಿಸಬೇಕಲ್ಲ ಎಂಬ ಬೇಸರದಲ್ಲಿ ಜ್ವರ ಬಿಟ್ಟ ಮೇಲೂ ಆರು ತಿಂಗಳು ನಡೆಯಲು ಹೋಗಲಿಲ್ಲ.

ಆ ಹತ್ತು ಸಾವಿರ ಎಲ್ಲಿಂದ ಬಂತೆಂದು ಆ ಬಿಡುವಿನಲ್ಲಿ ಹುಡುಕಿ ನೋಡಿದೆ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ತಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು ‘ಮಾನ್‌ಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಸರಕು ಮಾರಲು ಇಟ್ಟ ಹೆಸರು ವೈದ್ಯರ ಅಪ್ಪಣೆಯ ವೇಷದಲ್ಲಿ ನಮ್ಮ ಮನೆಗಳಿಗೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ. ಲೆಕ್ಕ ವಾರದ್ದು ಎಂಬುದನ್ನು ಗಮನಿಸಿ. ಈಗ ವಾರದಲ್ಲಿ ನಾಲ್ಕು ದಿನ ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಕೆರೆಯವರೆಗೆ ಹೋಗಿಬರುತ್ತೇನೆ. ಯಾವ ನಾಲ್ಕು ದಿನ ಎಂಬುದನ್ನು ಮಳೆ, ಮದುವೆಮನೆ ಮತ್ತು ನನ್ನ ಮಂಡಿ ಸೇರಿ ತೀರ್ಮಾನಿಸುತ್ತವೆ. ಜನವರಿಯ ಫಲಪುಷ್ಪ ಪ್ರದರ್ಶನದ ಜನಜಂಗುಳಿಗೆ ಹೆದರಿ ಆ ದಿನಗಳಲ್ಲಿ ಮನೆಯಲ್ಲೇ ಉಳಿಯುತ್ತೇನೆ. ಅದನ್ನು ಸೋಲೆಂದು ಎಲ್ಲಿಯೂ ಬರೆದುಕೊಳ್ಳುವುದಿಲ್ಲ.

ಮಲ್ಲೇಶ್ವರದ ಶಾಲಾ ಶಿಕ್ಷಕಿಯೊಬ್ಬರು:

ಮೇಲೆ ಬರೆದಿರುವ ಹಿರಿಯರ ಮಾತಿಗೆ ನನ್ನದೊಂದು ತಕರಾರಿದೆ. ಯಾವ ದಿನವಾದರೂ ಸರಿ ಎಂದು ಬಿಟ್ಟರೆ ನನ್ನಂಥ ಸೋಮಾರಿಗೆ ಯಾವ ದಿನವೂ ಬರುವುದಿಲ್ಲ. ಗವಸು ಹಾಕಿ 11 ವರ್ಷ ಮೂಲೆಯಲ್ಲಿಟ್ಟಿದ್ದ ವೀಣೆಯನ್ನು ಮತ್ತೆ ಕೈಗೆತ್ತಿಕೊಂಡಾಗ, ವರ್ಷದೊಳಗೆ ಸೀನಿಯರ್ ಪರೀಕ್ಷೆಗೆ ಕೂರಬೇಕೆಂದು ನಿಶ್ಚಯಿಸಿದ್ದೆ. ಹಾಗಾಗಿ ಒಂದು ಗಂಟೆ ಪೂರ್ತಿ ಬಿಡುವು ಸಿಗದ ದಿನ ವೀಣೆಯ ಹತ್ತಿರವೇ ಸುಳಿಯುತ್ತಿರಲಿಲ್ಲ, ಅಂಥ ಬಿಡುವು ಸಿಗುವ ದಿನಗಳು ಎಷ್ಟೆಂದು ಕೆಲಸಕ್ಕೆ ಹೋಗುವ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮರುವರ್ಷ ಪರೀಕ್ಷೆಯ ಮಾತನ್ನು ಕೈಬಿಟ್ಟು, ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ವೀಣೆಯ ಮುಂದೆ ಕುಳಿತು ಶ್ರುತಿ ಮಾಡುವುದು ಎಂದಷ್ಟೇ ಇಟ್ಟುಕೊಂಡೆ. ಶ್ರುತಿ ಕೂಡಿದರೆ ಆ ದಿನದ ಲೆಕ್ಕ ಮುಗಿಯಿತು. ಬಿರಡೆ ತಿರುಗಿಸಿ ತಂತಿಗಳನ್ನು ಹೊಂದಿಸಿದ ಮೇಲೆ ಒಂದು ಸರಳೆಯನ್ನಾದರೂ ನುಡಿಸದೆ ಏಳುವುದು ಕಷ್ಟ. ಹೆಚ್ಚಿನ ದಿನ ವರ್ಣದವರೆಗೆ ಹೋಗುತ್ತೇನೆ, ಕೆಲವು ದಿನ ಶ್ರುತಿಗೇ ನಿಲ್ಲಿಸಿ ಎದ್ದುಬಿಡುತ್ತೇನೆ. ಅಳತೆಯನ್ನು ಸಡಿಲ ಬಿಟ್ಟು ಹೊತ್ತನ್ನು ಮಾತ್ರ ಬಿಗಿಯಾಗಿ ಹಿಡಿದದ್ದು ನನಗೆ ಒಗ್ಗಿತು.

21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತನ್ನೂ ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ಹಾಕಿದ ಲೆಕ್ಕದಲ್ಲಿ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕಾಗುವಂತಿತ್ತು. ನಡುವಿನ ಅಂಕಿ 66. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ ಎಂದೂ ಅವರು ಕಂಡುಕೊಂಡರು. ಮಾರ್ಚ್‌ನ ಮೌಲ್ಯಮಾಪನದ ದಿನಗಳಲ್ಲಿ ನಮ್ಮ ಮನೆಯ ದೀಪ ಹಚ್ಚುವ ಕೆಲಸವೇ ಬೇರೆಯವರ ಪಾಲಾಗುವುದರಿಂದ, ಈ ಮಾತು ನನಗೆ ಬಹಳ ಸಮಾಧಾನ ಕೊಟ್ಟಿದೆ.

ಮಾರತ್ತಹಳ್ಳಿಯಿಂದ ಒಬ್ಬರು:

ನಾನು ಸಾಫ್ಟ್‌ವೇರ್ ಕೆಲಸದವನು. ಕಚೇರಿಯ ಅಪ್ರೈಸಲ್ ಪದ್ಧತಿಯನ್ನು ಮನೆಗೂ ತಂದು, 12 ಗುರಿಗಳಿಗೆ ಎಕ್ಸೆಲ್ ಶೀಟ್ ಮಾಡಿ, ಭಾನುವಾರ ರಾತ್ರಿ ನನಗೆ ನಾನೇ ಮ್ಯಾನೇಜರ್ ಆಗಿ ಅಂಕ ಹಾಕಿಕೊಳ್ಳುತ್ತಿದ್ದೆ. ಸೋಮವಾರ ಬೆಳಗ್ಗೆ ನಿಜವಾದ ಮ್ಯಾನೇಜರ್ ಕಾಯುತ್ತಿರುತ್ತಿದ್ದರು. ಹೋದ ಯುಗಾದಿಯಂದು ಆ ಶೀಟ್ ಅಳಿಸಿ ಒಂದನ್ನು ಮಾತ್ರ ಉಳಿಸಿಕೊಂಡೆ: ವಾರಕ್ಕೊಮ್ಮೆ ಊರಿನಲ್ಲಿರುವ ಅಮ್ಮನಿಗೆ ಅವಸರವಿಲ್ಲದೆ ಫೋನ್ ಮಾಡುವುದು. ಇದಕ್ಕೆ ಶೀಟ್ ಬೇಕಾಗಿಲ್ಲ, ತಪ್ಪಿದರೆ ಅಮ್ಮನೇ ಮಾಡುತ್ತಾರೆ.

ಪ್ರಶ್ನೆ ಕೇಳಿದವರು:

ಮೂವರಿಗೂ ಧನ್ಯವಾದಗಳು. ಐದರಲ್ಲಿ ಪುಸ್ತಕವನ್ನಷ್ಟೇ ಉಳಿಸಿಕೊಂಡಿದ್ದೇನೆ, ಅದರಲ್ಲೂ ತಿಂಗಳಿಗೆ ಎರಡು ಎಂಬುದನ್ನು ಹೊಡೆದುಹಾಕಿದ್ದೇನೆ. ಬೆಳಗಿನ ರೈಲಿನಲ್ಲಿ ನಿಲ್ಲುವುದೇ ಕಷ್ಟ; ಸಂಜೆ ವೈಟ್‌ಫೀಲ್ಡ್‌ನಿಂದಲೇ ರೈಲು ಹೊರಡುವುದರಿಂದ ಸೀಟು ಸಿಗುತ್ತದೆ. ಬಾಗಿಲು ಮುಚ್ಚಿದೊಡನೆ ಪುಸ್ತಕ ತೆರೆಯುವುದು, ಒಂದು ಪುಟವಾದರೂ ಸಾಕು, ಮೆಜೆಸ್ಟಿಕ್ ಬಂದಾಗ ಮಡಚಿಡುವುದು ಎಂದುಕೊಂಡಿದ್ದೇನೆ. ನಿದ್ದೆ ಬಂದರೆ ನಿದ್ದೆ. ಸಕ್ಕರೆ ಅಚ್ಚಿನ ವಿಷಯದಲ್ಲಿ ಈ ವರ್ಷ ಯಾರಿಗೂ ಮಾತು ಕೊಡುವುದಿಲ್ಲ.