ಸಹಾಯ ಬೇಕು: ಜೀಪು ಲಿಫ್ಟ್ ಮಾಡಿದ (ಎತ್ತರಿಸಿದ) ಮೇಲೆ ಸ್ಟಿಯರಿಂಗ್ ನೇರಕ್ಕೆ ನಿಲ್ಲುತ್ತಿಲ್ಲ

ನನ್ನದು ಹಳೆಯ ಫೋರ್ ವೀಲ್ ಡ್ರೈವ್ ಜೀಪು. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್). ಪಟ್ಟಿಗಳು ಚಪ್ಪಟೆಯಾಗಿ ಕೂತಿದ್ದವು, ಬುಷ್‌ಗಳು ಸವೆದಿದ್ದವು. ಪಟ್ಟಿ, ಬುಷ್, ಯು-ಬೋಲ್ಟ್, ಶಾಕ್ ಎಲ್ಲ ಹೊಸದು ಹಾಕಿದ್ದೇನೆ. ಬುಷ್ ಬೋಲ್ಟ್‌ಗಳನ್ನು ಗಾಡಿ ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆಯೇ ಬಿಗಿ ಮಾಡಿದ್ದು. ಶ್ಯಾಕಲ್ (ಸ್ಪ್ರಿಂಗ್‌ನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಆಡುವ ಕೊಂಡಿ) ಕೂಡ ಹಳೆಯದಕ್ಕಿಂತ 2 ಇಂಚು ಉದ್ದದ್ದು ಹಾಕಿದೆ, ಅದರಿಂದ ಸುಮಾರು 1 ಇಂಚು ಎತ್ತರ ಸಿಕ್ಕಿತು.

ಈಗ ಸವಾರಿ ತುಂಬಾ ಚೆನ್ನಾಗಿದೆ. ಆದರೆ ವೇಗ ಜಾಸ್ತಿಯಾದರೆ ಗಾಡಿ ಅತ್ತಿತ್ತ ಅಲೆಯುತ್ತದೆ. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ವಾಪಸ್ ಬರುವುದಿಲ್ಲ.

ಟೈರ್ ಗಾಳಿ, ಟೋ-ಇನ್, ಟೈ ರಾಡ್ ಎಂಡ್, ಕಿಂಗ್ ಪಿನ್ ಬೇರಿಂಗ್ ಎಲ್ಲ ನೋಡಿಯಾಯಿತು, ಸರಿ ಇವೆ. ಅಲೈನ್‌ಮೆಂಟ್‌ನಲ್ಲಿ ಕ್ಯಾಸ್ಟರ್ (ಚಕ್ರ ತಿರುಗುವ ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ, ಸ್ಟಿಯರಿಂಗನ್ನು ನೇರಕ್ಕೆ ತರುವುದು ಇದು) ಮಾತ್ರ ತೀರಾ ಕಡಿಮೆ ಬಂತು. ಈ ಗಾಡಿಯಲ್ಲಿ ಮುಂದಿನ ಶ್ಯಾಕಲ್ ಸ್ಪ್ರಿಂಗ್‌ನ ಮುಂದಿನ ತುದಿಯಲ್ಲಿದೆ. ಅದು ಉದ್ದವಾದಾಗ ಆಕ್ಸಲ್‌ನ ಮೇಲ್ಭಾಗ ಮುಂದಕ್ಕೆ ವಾಲುತ್ತದೆ, ಅಲ್ವಾ? ಕಾರಣ ಅದೇ ಅಂತ ನನ್ನ ಲೆಕ್ಕ.

ಗೊಂದಲ ಇಲ್ಲೇ. ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆ ಶಿಮ್ (ಬೆಣೆಯಂಥ ತಟ್ಟೆ) ಹಾಕಿದರೆ ಕ್ಯಾಸ್ಟರ್ ವಾಪಸ್ ಬರುತ್ತದೆ. ಆದರೆ ಪಿನಿಯನ್ ಮೂತಿ (ಆಕ್ಸಲ್‌ಗೆ ಪ್ರೊಪೆಲ್ಲರ್ ಶಾಫ್ಟ್ ಸೇರುವ ಜಾಗ) ಕೆಳಗೆ ಬಾಗುತ್ತದೆ, ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಯುಜೆ ಕ್ರಾಸ್ (ಶಾಫ್ಟ್ ಓರೆಯಾಗಿಯೂ ತಿರುಗಲು ಇರುವ ಕೀಲು) ಮೇಲೆ ಕೋನ ಹೆಚ್ಚುತ್ತದೆ. ಮುಂದಿನ ಹಬ್‌ಗಳು ಲಾಕ್-ಅನ್‌ಲಾಕ್ ಮಾಡುವಂಥವು, ಹಾಗಾಗಿ ರಸ್ತೆಯಲ್ಲಿ ಅನ್‌ಲಾಕ್ ಮಾಡಿದರೆ ಆ ಶಾಫ್ಟ್ ತಿರುಗುವುದಿಲ್ಲ. ಭಯ ಇರುವುದು ಕಾಡುದಾರಿಯ ಬಗ್ಗೆ.

ಇಂಥ ಗಾಡಿಗೆ ಶಿಮ್ ಹಾಕಿ ಓಡಿಸಿದವರು ದಯವಿಟ್ಟು ಹೇಳಿ: 4 ಡಿಗ್ರಿ ಶಿಮ್ ಹಾಕಿದರೆ ಯುಜೆ ತಡೆಯುತ್ತದೆಯೇ, ಇಲ್ಲ ಹಳೆಯ ಅಳತೆಯ ಶ್ಯಾಕಲ್‌ಗೇ ವಾಪಸ್ ಹೋಗಲೇ?