ಓಡಿದರೆ ಮೊಣಕಾಲು ಸವೆಯುತ್ತದೆಯೇ? ನಮ್ಮ ಮನೆ ಗುಂಪಿನ ಚರ್ಚೆ

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆದ ಸಂದೇಶ):
“ನಲವತ್ತು ದಾಟಿದವರೇ, ಓಟ ನಿಲ್ಲಿಸಿ! ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಮೃದ್ವಸ್ಥಿ (ಕೀಲಿನಲ್ಲಿ ಮೂಳೆಯ ತುದಿಗಿರುವ ನುಣುಪಾದ ಹೊದಿಕೆ) ಸವೆದುಹೋಗುತ್ತದೆ. ದಿನಕ್ಕೆ 12 ಸೂರ್ಯ ನಮಸ್ಕಾರ ಮಾಡಿ. ಹೃದಯ, ಮೂಳೆ, ಸಕ್ಕರೆ ಕಾಯಿಲೆ ಎಲ್ಲಕ್ಕೂ ಅಷ್ಟೇ ಸಾಕು. ನಿಮ್ಮವರಿಗೆಲ್ಲ ಕಳುಹಿಸಿ.”

ದೊಡ್ಡಪ್ಪ: ಎಲ್ಲರೂ ಓದಿ. ತಂಗಿ, ನೀನು ಮುಖ್ಯವಾಗಿ ಓದು.

ಅತ್ತೆ: ಓದಿದೆ ಅಣ್ಣ. ಎರಡು ದಿನದಿಂದ ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲಿನ ಚಿಪ್ಪಿನ ಸುತ್ತ ನೋಯುತ್ತಿದೆ. ನಾಳೆಯಿಂದ ಕುಕ್ಕರಹಳ್ಳಿ ಕೆರೆಗೆ ಹೋಗುವುದಿಲ್ಲ.

ನಾನು: ಅತ್ತೆ, ಈ ಸಂದೇಶ ಓದಿ ಓಟ ಬಿಡಬೇಡಿ. ದೊಡ್ಡಪ್ಪ, ಗೌರವವಿಟ್ಟುಕೊಂಡೇ ಹೇಳುತ್ತೇನೆ, ಇದರಲ್ಲಿ ಅರ್ಧ ಮಾತ್ರ ನಿಜ. ಭಾರ ಬೀಳುವುದು ಹೌದು. ಆದರೆ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ, ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ಭಾರ ಬಿದ್ದಾಗ ಕುಗ್ಗಿ, ತೆಗೆದಾಗ ಹಿಗ್ಗಿ, ಸ್ಪಂಜಿನ ಹಾಗೆ ಆ ದ್ರವವನ್ನು ಹೀರಿಕೊಳ್ಳುತ್ತದೆ. ಕಾಲು ಆಡಿಸದೆ ಕೂತವರಿಗೆ ಆ ಪೋಷಣೆಯೂ ಕಡಿಮೆ.

ದೊಡ್ಡಪ್ಪ: ನಾನು ಮಲ್ಲಾಡಿಹಳ್ಳಿಯ ಶಿಬಿರದಲ್ಲಿ ರಾಘವೇಂದ್ರ ಸ್ವಾಮೀಜಿಯವರ ಎದುರು ಆಸನ ಕಲಿತವನು. ಎಪ್ಪತ್ತು ದಾಟಿದರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡುತ್ತೇನೆ. ನಮ್ಮ ಬೀದಿಯಲ್ಲಿ ಮ್ಯಾರಥಾನ್ ಓಡಿದವರೊಬ್ಬರು ಈಗ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ನಡೆಯುತ್ತಿದ್ದಾರೆ. ಕಣ್ಣಾರೆ ಕಂಡದ್ದನ್ನು ಹೇಗೆ ಅಲ್ಲಗಳೆಯಲಿ?

ನಾನು: ಅವರೊಬ್ಬರನ್ನು ನೋಡಿ ಎಲ್ಲರಿಗೂ ತೀರ್ಪು ಕೊಡುವುದು ಸರಿಯಲ್ಲ ದೊಡ್ಡಪ್ಪ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2017ರಲ್ಲಿ ಪ್ರಕಟವಾಯಿತು. ಹವ್ಯಾಸಕ್ಕಾಗಿ ಓಡುವವರಲ್ಲಿ ಸೊಂಟ ಅಥವಾ ಮೊಣಕಾಲಿನ ಸವೆತದ ಸಂಧಿವಾತ ಕಂಡದ್ದು ಶೇ 3.5ರಷ್ಟು ಮಂದಿಯಲ್ಲಿ. ಓಡದವರಲ್ಲಿ ಶೇ 10.2.

ಚಿಕ್ಕಪ್ಪ: ಸ್ಪರ್ಧೆಗೆ ಓಡುವವರ ಅಂಕಿಯೂ ಅದರಲ್ಲಿರಬೇಕಲ್ಲ? ಅದನ್ನೂ ಹೇಳು.

ನಾನು: ಶೇ 13.3. ಮುಚ್ಚಿಡುವ ಮಾತೇ ಇಲ್ಲ ಚಿಕ್ಕಪ್ಪ. ಆದರೆ ಅವರು ಓಟವನ್ನೇ ವೃತ್ತಿ ಮಾಡಿಕೊಂಡವರು, ಅಂತರರಾಷ್ಟ್ರೀಯ ಮಟ್ಟದಲ್ಲಿ ಸ್ಪರ್ಧಿಸಿದವರು. ಕಾಲು ಗಟ್ಟಿಯಿದ್ದವರೇ ಹವ್ಯಾಸದ ಓಟದಲ್ಲಿ ಉಳಿದುಕೊಂಡಿರಬಹುದು ಎಂದು ನೀವು ಕೇಳಿದರೆ ಅದನ್ನೂ ಒಪ್ಪುತ್ತೇನೆ. ಆದರೂ ಕೆರೆ ಏರಿಯ ಮೇಲೆ ಹದವಾಗಿ ಓಡುವವರ ಮೊಣಕಾಲು ಸವೆದೇ ಹೋಗುತ್ತದೆ ಎಂಬುದಕ್ಕೆ ಈ ಅಂಕಿ ಆಧಾರವಾಗುವುದಿಲ್ಲ.

ಅತ್ತೆ, ಮೊದಲು ಎಷ್ಟು ಓಡುತ್ತಿದ್ದಿರಿ, ಈಗ ಎಷ್ಟು ಓಡುತ್ತಿದ್ದೀರಿ?

ಅತ್ತೆ: ಮೊದಲು ಬರೀ ನಡಿಗೆ. ಬೆಂಗಳೂರಿನ 10 ಕಿ.ಮೀ. ಓಟಕ್ಕೆ ಹೆಸರು ಕೊಟ್ಟ ಮೇಲೆ ದಿನವೂ 5 ಕಿ.ಮೀ. ಓಡುತ್ತಿದ್ದೇನೆ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತೇನೆ.

ನಾನು: ನೋವಿನ ಮೂಲ ಬಹುಶಃ ಇಲ್ಲೇ ಇದೆ ಅತ್ತೆ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ, ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ) ಮತ್ತು ಮೂಳೆ ಪಳಗಲು ತಿಂಗಳುಗಳು ಬೇಕು. ಏದುಸಿರು ಬರುತ್ತಿಲ್ಲ ಎಂದ ಮಾತ್ರಕ್ಕೆ ಕಾಲು ಸಿದ್ಧವಾಗಿದೆ ಎಂದಲ್ಲ. ಮೆಟ್ಟಿಲು ಇಳಿಯುವಾಗ ಮೈಭಾರವನ್ನೆಲ್ಲ ತಡೆಯುವುದು ತೊಡೆಯ ಮುಂಭಾಗದ ಸ್ನಾಯು. ಅದು ಸೋತರೆ ಚಿಪ್ಪಿನ ಸುತ್ತ ನೋವು ಕಾಣಿಸಿಕೊಳ್ಳುತ್ತದೆ.

ಚಿಕ್ಕಪ್ಪ: ಅದಕ್ಕೇ ನಾನು ಬಸ್ಕಿ ಹೊಡೆಯಿರಿ ಎಂದು ಹೇಳುತ್ತಲೇ ಬಂದಿದ್ದೇನೆ. ಗರಡಿಮನೆಯ ಪೈಲ್ವಾನರು ದಂಡ, ಬಸ್ಕಿ ಬಿಟ್ಟು ಒಂದು ದಿನವೂ ಕುಸ್ತಿಗೆ ಇಳಿಯುತ್ತಿರಲಿಲ್ಲ. ಕೋಣೆಯಲ್ಲಿ ಒಂದು ಚಾಪೆ ಹಾಸುವಷ್ಟು ಜಾಗವಿದ್ದರೆ ಸಾಕು.

ದೊಡ್ಡಪ್ಪ: ಯೋಗ ಇದಾವುದಕ್ಕೂ ಕಡಿಮೆಯಲ್ಲ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಬೆಳ್ಳೂರಿನಲ್ಲಿ ಹುಟ್ಟಿದಾಗ ಕಡ್ಡಿಯಂತಹ ಮಗು. ಮಲೇರಿಯಾ, ವಿಷಮಶೀತ ಜ್ವರ, ಕ್ಷಯ ಎಲ್ಲವನ್ನೂ ಉಂಡ ಹುಡುಗ ನಮ್ಮ ಮೈಸೂರಿಗೆ ಬಂದು ಕೃಷ್ಣಮಾಚಾರ್ಯರ ಹತ್ತಿರ ಕಲಿತು, 95 ವರ್ಷ ಬಾಳಿದರು. ಅವರು ಯಾವ ಮ್ಯಾರಥಾನ್ ಓಡಿದರು?

ನಾನು: ಅವರ ಸಾಧನೆಗೆ ನಾನೂ ತಲೆಬಾಗುತ್ತೇನೆ. ನನ್ನ ತಕರಾರು ಯೋಗದ ಮೇಲೆ ಅಲ್ಲ ದೊಡ್ಡಪ್ಪ, “ಅಷ್ಟೇ ಸಾಕು” ಎಂಬ ಮಾತಿನ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ ಅಥವಾ 75 ನಿಮಿಷ ತೀವ್ರ ಶ್ರಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. 12 ಸೂರ್ಯ ನಮಸ್ಕಾರ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಇನ್ನು ಮೊಣಕಾಲಿನ ಮಾತು. ಸೊಂಟದ ಕೀಲು ಸಡಿಲವಾಗದವರು ಹಟಕ್ಕೆ ಬಿದ್ದು ಪದ್ಮಾಸನ ಹಾಕಿದರೆ ಮೊಣಕಾಲು ತಿರುಚಿಕೊಳ್ಳುವುದಿಲ್ಲವೇ?

ದೊಡ್ಡಪ್ಪ: ಅದು ಗುರುವಿಲ್ಲದೆ, ಕ್ರಮವಿಲ್ಲದೆ ಮಾಡಿದವರ ಪಾಡು. ಯೋಗದ ತಪ್ಪಲ್ಲ.

ನಾನು: ಓಟಕ್ಕೂ ಅದೇ ನ್ಯಾಯ ಕೊಡಿ ಎಂದಷ್ಟೇ ಕೇಳುತ್ತಿದ್ದೇನೆ. ಅತ್ತೆಗೂ ಕ್ರಮ ಬೇಕು, ಭಯ ಬೇಡ.

ಅತ್ತೆ: ಹಾಗಾದರೆ ನಾಳೆ ಏನು ಮಾಡಲಿ?

ನಾನು: ಬೆಟ್ಟದ ಮೆಟ್ಟಿಲು ಸದ್ಯಕ್ಕೆ ಬೇಡ. ನೋವು ಇಳಿಯುವ ತನಕ ಸಮತಟ್ಟಿನಲ್ಲಿ ನಡೆಯಿರಿ. ಆಮೇಲೆ ದಿನ ಬಿಟ್ಟು ದಿನ ಸ್ವಲ್ಪ ಓಡಿ, ಸ್ವಲ್ಪ ನಡೆದು, ಮತ್ತೆ ಓಡಿ. ಪಕ್ಕದವರ ಜೊತೆ ಮಾತನಾಡಲು ಆಗುವಷ್ಟು ನಿಧಾನವಾಗಿರಲಿ. ಮೊಣಕಾಲು ಊದಿಕೊಂಡರೆ, ಮಡಚಿದಲ್ಲೇ ಸಿಕ್ಕಿಕೊಂಡರೆ, ನೋವು ಇಳಿಯದೆ ಉಳಿದರೆ ಮೂಳೆ ವೈದ್ಯರ ಬಳಿಗೆ ಹೋಗಿ. ಎದೆ ಹಿಡಿದಂತಾದರೆ ಅಲ್ಲೇ ಓಟ ನಿಲ್ಲಿಸಿ ನೇರ ಆಸ್ಪತ್ರೆಗೆ ಹೋಗಿ. ಈ ಬಾರಿಯ 10 ಕಿ.ಮೀ.ಗೆ ಕಾಲು ಸಿದ್ಧವಾಗದಿದ್ದರೆ ಮುಂದಿನ ವರ್ಷ ಇದ್ದೇ ಇದೆ.

ದೊಡ್ಡಪ್ಪ: ಓಟದ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ಆದರೆ ತೊಡೆಗೆ ಬಲ ಬೇಕು ಎಂಬ ಮಾತು ಸರಿ. ತಂಗಿ, ಸಂಜೆ ಮನೆಗೆ ಬಾ. ಉತ್ಕಟಾಸನ, ವೀರಭದ್ರಾಸನ, ಸೇತುಬಂಧಾಸನ, ಮೂರನ್ನೂ ನಾನೇ ಎದುರಿಗೆ ನಿಂತು ಹೇಳಿಕೊಡುತ್ತೇನೆ. ನೋವು ಬಂದ ಕ್ಷಣ ನಿಲ್ಲಿಸಬೇಕು.

ಅತ್ತೆ: ಆರು ಗಂಟೆಗೆ ಬರುತ್ತೇನೆ ಅಣ್ಣ.

ನಾನು: ನಿಮ್ಮಷ್ಟು ಚೆನ್ನಾಗಿ ನನಗೆ ಹೇಳಿಕೊಡಲು ಬರುವುದಿಲ್ಲ ದೊಡ್ಡಪ್ಪ. ಒಂದೇ ಕೋರಿಕೆ, ಆ ಫಾರ್ವರ್ಡ್ ಅಳಿಸಿಬಿಡಿ. “ಸಕ್ಕರೆ ಕಾಯಿಲೆಗೆ ಅಷ್ಟೇ ಸಾಕು” ಎಂಬುದನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟಾರು.

ದೊಡ್ಡಪ್ಪ: ಇಲ್ಲಿ ಏಕೆ ಅಳಿಸಬೇಕು? ಕೆಳಗೆ ನಿನ್ನ ಉತ್ತರವೂ ಇದೆಯಲ್ಲ, ಎರಡನ್ನೂ ಓದಲಿ. ಪಿಂಚಣಿದಾರರ ಗುಂಪಿನಿಂದ ಈಗಲೇ ತೆಗೆಯುತ್ತೇನೆ. ಅಲ್ಲಿ ಮಾತ್ರೆ ನುಂಗುವವರೇ ಹೆಚ್ಚು.