ಕೆಟ್ಟ ಸ್ಕೋರ್ ಇಟ್ಟುಕೊಂಡು ಮತ್ತೆ ಓದಲು ಹೊರಟಿದ್ದೇನೆ: ಸಾಲ ಸಮಾಲೋಚಕರಿಗೆ ಪ್ರಶ್ನೆ

ಪ್ರಶ್ನೆ

ನಮಸ್ಕಾರ ಮೇಡಂ. ನನಗೆ 34 ವರ್ಷ. ಮೂರು ವರ್ಷಗಳ ಹಿಂದೆ ಕೆಲಸ ಹೋಗಿ ಹನ್ನೊಂದು ತಿಂಗಳು ಸಂಬಳವಿಲ್ಲದೆ ಕಳೆದೆ. ಆಗ ಎರಡು ಕ್ರೆಡಿಟ್ ಕಾರ್ಡ್‌ಗಳಲ್ಲಿಯೇ ಮನೆ ನಡೆಯಿತು. ಒಂದನ್ನು ಹೇಗೋ ದಾರಿಗೆ ತಂದಿದ್ದೇನೆ, ಆದರೆ ಅದರ ಮಿತಿಯ ಮುಕ್ಕಾಲು ಭಾಗ ಇನ್ನೂ ಬಾಕಿ ಇದೆ. ಇನ್ನೊಂದನ್ನು ಕಟ್ಟಲಾಗಲಿಲ್ಲ. ಬ್ಯಾಂಕಿನವರು ಅದನ್ನು ವಸೂಲಾಗದ ಸಾಲ ಎಂದು ಬರೆದುಕೊಂಡಿದ್ದಾರೆ. ವಸೂಲಿಯವರು ವಾರಕ್ಕೊಮ್ಮೆ ಫೋನ್ ಮಾಡಿ, ನೂರಕ್ಕೆ ನಲವತ್ತು ಕೊಟ್ಟು ಮುಗಿಸಿಬಿಡಿ ಎನ್ನುತ್ತಾರೆ. ಸಾಲ ಸರಿಯಾಗಿ ತೀರಿಸುತ್ತೇನೆಯೇ ಎಂದು ಬ್ಯಾಂಕುಗಳು ನೋಡುವ ಕ್ರೆಡಿಟ್ ಸ್ಕೋರ್ 580ರ ಆಸುಪಾಸಿನಲ್ಲಿದೆ.

ಈಗ ಕೆಲಸವಿದೆ. ಇನ್ನು ಒಂದೂವರೆ ವರ್ಷಕ್ಕೆ ಅದನ್ನು ಬಿಟ್ಟು ಎರಡು ವರ್ಷದ ಪೂರ್ಣಾವಧಿ ಕೋರ್ಸಿಗೆ ಸೇರುವ ಆಸೆ. ಅಷ್ಟರೊಳಗೆ ಸ್ಕೋರ್ 750 ದಾಟಿಸಬಹುದೇ? ಆ ನಲವತ್ತರ ಮಾತಿಗೆ ಒಪ್ಪಬಹುದೇ? ದಾರಿಗೆ ಬಂದ ಕಾರ್ಡನ್ನು ತೀರಿಸಿ ಮುಚ್ಚಿಬಿಡಬೇಕೆಂದು ಮನೆಯವರ ಒತ್ತಾಯ. ಅದು ಸರಿಯೇ?

ಉತ್ತರ

ನಮಸ್ಕಾರ. ನೀವು ಕೇಳಿದ ಮೂರು ಪ್ರಶ್ನೆಗಳಿಗಿಂತ ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆ ದೊಡ್ಡದು: ಸಂಬಳ ನಿಂತ ಮೇಲಿನ ತಿಂಗಳುಗಳಲ್ಲಿ ಈ ಕಾರ್ಡಿನ ಬಿಲ್ಲನ್ನು ಯಾರು ಕಟ್ಟುತ್ತಾರೆ? ಸಾಲದ ಕಡತಗಳನ್ನು ಓದುವುದೇ ನನ್ನ ಕೆಲಸ. ಒಂದೂವರೆ ವರ್ಷ ಕಷ್ಟಪಟ್ಟು ಏರಿಸಿದ ಸ್ಕೋರನ್ನು ಮೊದಲ ಸೆಮಿಸ್ಟರಿನಲ್ಲೇ ಕಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು 750ರ ವಿಷಯ. ಆ ಸಂಖ್ಯೆಯನ್ನು ಸ್ವಲ್ಪ ಹೊತ್ತು ಮರೆಯಿರಿ. ಭಾರತದ ಸಿಬಿಲ್ ಸ್ಕೋರ್ 300ರಿಂದ 900ರವರೆಗೆ, ಅಮೆರಿಕದ ಫೈಕೋ 300ರಿಂದ 850ರವರೆಗೆ. ಅಂದರೆ ಒಂದೇ ಅಂಕಿಗೆ ಎರಡು ಕಡೆ ಎರಡು ಅರ್ಥ. ಲೆಕ್ಕದ ಒಳಗೆ ಏನಿದೆ ಎನ್ನುವುದು ಮುಖ್ಯ. 1989ರಲ್ಲಿ ಬಳಕೆಗೆ ಬಂದ ಫೈಕೋ ತನ್ನ ತೂಕವನ್ನು ಬಹಿರಂಗವಾಗಿಯೇ ಹೇಳುತ್ತದೆ: ಹಿಂದಿನ ಕಂತುಗಳನ್ನು ಹೇಗೆ ಕಟ್ಟಿದ್ದೀರಿ ಎಂಬುದಕ್ಕೆ ಶೇ. 35, ಈಗ ಎಷ್ಟು ಬಾಕಿ ಇದೆ ಎಂಬುದಕ್ಕೆ ಶೇ. 30, ಖಾತೆಗಳ ವಯಸ್ಸಿಗೆ ಶೇ. 15, ಹೊಸ ಸಾಲಕ್ಕೆ ಮತ್ತು ಸಾಲದ ಬಗೆಗಳಿಗೆ ತಲಾ ಶೇ. 10. ಬೇರೆ ಸಂಸ್ಥೆಗಳ ಲೆಕ್ಕ ಸ್ವಲ್ಪ ಆಚೀಚೆ ಇದ್ದರೂ ಮೊದಲ ಎರಡು ಸ್ಥಾನ ಎಲ್ಲೆಡೆ ಹೆಚ್ಚುಕಡಿಮೆ ಇವೇ.

ಇವೆರಡರ ಸ್ವಭಾವ ಬೇರೆ. ತಪ್ಪಿದ ಕಂತಿಗೆ ನೆನಪು ಜಾಸ್ತಿ: ಅಮೆರಿಕದಲ್ಲಿ ಏಳು ವರ್ಷ, ಬ್ರಿಟನ್ನಿನಲ್ಲಿ ಆರು ವರ್ಷ, ಸ್ಕೋರ್ ಸಂಸ್ಥೆ ಇಟ್ಟಿರುವ ನಿಮ್ಮ ಸಾಲದ ವರದಿಯಲ್ಲಿ ಉಳಿಯುತ್ತದೆ. ಅದನ್ನು ಯಾರೂ ಅಳಿಸಲಾರರು, ಹೊಸ ಒಳ್ಳೆಯ ತಿಂಗಳುಗಳನ್ನು ಅದರ ಮೇಲೆ ಒಂದೊಂದಾಗಿ ಹೇರುತ್ತ ಹೋಗಬೇಕು, ಅಷ್ಟೇ. ಬಾಕಿಯ ಪ್ರಮಾಣಕ್ಕಾದರೋ ಹೆಚ್ಚಿನ ಲೆಕ್ಕಗಳಲ್ಲಿ ನೆನಪೇ ಇಲ್ಲ. ಈ ತಿಂಗಳು ಮಿತಿಯ ಮುಕ್ಕಾಲು ಭಾಗ ಬಾಕಿ ಇದ್ದು ಮುಂದಿನ ತಿಂಗಳು ಕಾಲು ಭಾಗಕ್ಕಿಳಿದರೆ, ಆ ಮುಕ್ಕಾಲನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ನಿಮಗೆ ಬೇಗ ಫಲ ಕೊಡುವುದು ದಾರಿಗೆ ಬಂದ ಆ ಕಾರ್ಡೇ. ಬಡ್ಡಿ ಸುಡುತ್ತಿರುವುದೂ ಅಲ್ಲಿಯೇ.

ಒಂದು ಸಣ್ಣ ಗುಟ್ಟು. ಬ್ಯಾಂಕುಗಳು ಹಲವು ಕಡೆ ಬಿಲ್ಲು ತಯಾರಾದ ದಿನದ ಬಾಕಿಯನ್ನೇ ಸ್ಕೋರ್ ಸಂಸ್ಥೆಗೆ ಕಳುಹಿಸುತ್ತವೆ, ಕಟ್ಟಲು ಕೊಟ್ಟ ಕೊನೆಯ ದಿನದ ಬಾಕಿಯನ್ನಲ್ಲ. ಕೈಯಲ್ಲಿ ಹಣ ಇದ್ದರೆ ಬಿಲ್ಲು ತಯಾರಾಗುವ ಎರಡು ಮೂರು ದಿನ ಮೊದಲೇ ಕಟ್ಟಿ. ಅದೇ ಹಣಕ್ಕೆ ಬೇರೆಯೇ ಚಿತ್ರ ಸಿಗುತ್ತದೆ.

ಕಾರ್ಡು ತೀರಿಸಿ, ಮುಚ್ಚಬೇಡಿ. ಮನೆಯವರ ಭಯ ನ್ಯಾಯವಾದದ್ದು, ಅದು ಸುಟ್ಟ ಕೈಯ ಮಾತು. ಆದರೆ ನಿಮ್ಮ ಬಳಿ ಈಗ ಜೀವಂತವಾಗಿರುವ ಖಾತೆ ಅದೊಂದೇ. ಅದನ್ನೂ ಮುಚ್ಚಿದರೆ ಒಳ್ಳೆಯ ತಿಂಗಳುಗಳನ್ನು ಬರೆದುಕೊಳ್ಳಲು ಪುಟವೇ ಇರುವುದಿಲ್ಲ. ಕಾರ್ಡನ್ನು ಮನೆಯವರ ಕೈಗೆ ಕೊಟ್ಟು ಬೀರುವಿನಲ್ಲಿ ಇಡಿಸಿ. ಮೊಬೈಲ್ ಬಿಲ್ಲಿನಂಥ ಒಂದೇ ಒಂದು ಸಣ್ಣ ಖರ್ಚನ್ನು ಅದಕ್ಕೆ ಜೋಡಿಸಿ, ಪೂರ್ಣ ಮೊತ್ತ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ.

ಇನ್ನು ಆ ನಲವತ್ತು. ಕಡಿಮೆ ಕೊಟ್ಟು ಮುಗಿಸಿದ ಸಾಲ ವರದಿಯಲ್ಲಿ "ತೀರಿತು" ಎಂದು ಬರುವುದಿಲ್ಲ, "ಸೆಟ್ಲ್ಡ್" ಎಂದು ಬರುತ್ತದೆ. ಮುಂದೆ ನಿಮ್ಮ ಅರ್ಜಿ ನೋಡುವ ಅಧಿಕಾರಿ ಅದನ್ನು "ಇವರು ಒಮ್ಮೆ ಪೂರ್ತಿ ಕೊಡಲಿಲ್ಲ" ಎಂದು ಓದಿಕೊಳ್ಳುತ್ತಾರೆ. ಹಾಗೆಂದು ಸುಮ್ಮನೆ ಬಿಡುವುದು ಇನ್ನೂ ಕೆಟ್ಟದ್ದು. ತೀರದ ಹಳೆಯ ಸಾಲ ಎದುರಿಗಿರುವಾಗ ಸ್ಕೋರ್ ಎಷ್ಟೇ ಇದ್ದರೂ ಅರ್ಜಿ ಅಲ್ಲೇ ನಿಲ್ಲುವುದುಂಟು. ನಡುವೆ ಒಂದು ದಾರಿ ಇದೆ, ಅದನ್ನು ವಸೂಲಿಯವರು ತಾವಾಗಿ ಹೇಳುವುದಿಲ್ಲ. ಈಗ ಅವರು ನೂರು ಎನ್ನುತ್ತಿರುವ ಮೊತ್ತದಲ್ಲಿ ನೀವು ನಿಜವಾಗಿ ಬಳಸಿದ ಅಸಲು ಎಷ್ಟು, ಮೇಲೆ ಬೆಳೆದ ಬಡ್ಡಿ ಮತ್ತು ದಂಡ ಎಷ್ಟು ಎಂದು ಬರಹದಲ್ಲಿ ಕೇಳಿ. "ಅಸಲು ಪೂರ್ತಿ ಕಂತಿನಲ್ಲಿ ಕೊಡುತ್ತೇನೆ, ಬಡ್ಡಿ ದಂಡ ಬಿಡಿ, ಖಾತೆಯನ್ನು ಪೂರ್ಣ ಪಾವತಿಯಾಗಿ ಮುಚ್ಚಿದ್ದು ಎಂದು ವರದಿ ಮಾಡಿ" ಎಂದು ಬ್ಯಾಂಕಿಗೇ ಬರೆಯಿರಿ, ಫೋನ್ ಮಾಡುವವರಿಗಲ್ಲ. ಒಪ್ಪಲೇಬೇಕೆಂಬ ನಿಯಮವಿಲ್ಲ, ಕೇಳಿದವರಿಗೆ ಸಿಕ್ಕಿದ್ದನ್ನು ಕಂಡಿದ್ದೇನೆ. ಒಪ್ಪದಿದ್ದರೆ, ನಿಮ್ಮ ಕೈಗೆ ಅದಕ್ಕಿಂತ ಹೆಚ್ಚು ಎಟಕುವುದೇ ಇಲ್ಲವೆಂದಾದರೆ, ಆಗ ನಲವತ್ತಕ್ಕೆ ಒಪ್ಪಿ. ತೆರೆದ ಗಾಯಕ್ಕಿಂತ ಕಲೆ ವಾಸಿ.

ಪ್ರಶ್ನೆ ಕೇಳಿದವರು

ಧನ್ಯವಾದ ಮೇಡಂ. ಹಾಗಾದರೆ ಕೋರ್ಸಿನ ಹೊತ್ತಿಗೆ ಶಿಕ್ಷಣ ಸಾಲ ಸಿಗುತ್ತದೆಯೇ? ಮತ್ತು ಆ "ಮೊದಲ ಸೆಮಿಸ್ಟರ್" ಮಾತು ಅರ್ಧಕ್ಕೇ ನಿಂತಿತು.

ಉತ್ತರ

ಯಾವ ಸಾಲ ಎನ್ನುವುದರ ಮೇಲಿದೆ. ಎಲ್ಲ ಶಿಕ್ಷಣ ಸಾಲವೂ ಸ್ಕೋರ್ ನೋಡುವುದಿಲ್ಲ ಎನ್ನುವುದು ಬಹಳ ಜನಕ್ಕೆ ತಿಳಿದಿಲ್ಲ. ಬ್ರಿಟನ್ನಿನ ಸರ್ಕಾರಿ ವಿದ್ಯಾರ್ಥಿ ಸಾಲಕ್ಕೆ ಸ್ಕೋರ್ ಲೆಕ್ಕಕ್ಕಿಲ್ಲ. ಅಮೆರಿಕದಲ್ಲಿ ಪದವಿ ಓದುವವರಿಗೆ ಸಿಗುವ ಕೇಂದ್ರ ಸರ್ಕಾರದ ಸಾಲವೂ ಹಾಗೆಯೇ, ಆದರೆ ಹಿಂದೆ ಅಂಥದ್ದೇ ಸಾಲ ಪಡೆದು ಸುಸ್ತಿಯಾಗಿದ್ದರೆ ಬಾಗಿಲು ಮುಚ್ಚಿರುತ್ತದೆ. ಅದನ್ನು ತೆರೆಯಲು ಇರುವ ಒಂದು ದಾರಿ, 10 ತಿಂಗಳಲ್ಲಿ 9 ಒಪ್ಪಿತ ಕಂತುಗಳನ್ನು ಹೊತ್ತಿಗೆ ಸರಿಯಾಗಿ ಕಟ್ಟುವುದು. ಭಾರತದಲ್ಲಿ ಬ್ಯಾಂಕು ಕೊಡುವ ಸಾಲಕ್ಕೆ ಸಾಮಾನ್ಯವಾಗಿ ತಂದೆತಾಯಿ ಅಥವಾ ಸಂಗಾತಿ ಜೊತೆಗೆ ಸಹಿ ಹಾಕಬೇಕು, ಅವರ ವರದಿಯನ್ನೂ ನೋಡುತ್ತಾರೆ. ಖಾಸಗಿ ಸಾಲವಾದರೆ ಬಡ್ಡಿಯನ್ನು ನಿರ್ಧರಿಸುವಾಗ ಸಾಮಾನ್ಯವಾಗಿ ಸ್ಕೋರನ್ನೂ ನೋಡುತ್ತಾರೆ. ಆದ್ದರಿಂದ ಸೇರಬೇಕೆಂದಿರುವ ಸಂಸ್ಥೆಯ ಹಣಕಾಸು ನೆರವಿನ ವಿಭಾಗಕ್ಕೆ ಈ ವಾರವೇ ಬರೆದು, ಯಾವ ಸಾಲ, ಯಾರ ಸಹಿ, ಯಾರ ವರದಿ ಎಂದು ಕೇಳಿ. ಉತ್ತರ ನೋಡಿದ ಮೇಲೆ ಸ್ಕೋರಿನ ಚಿಂತೆಯನ್ನು ಅರ್ಧಕ್ಕೆ ಇಳಿಸಿಕೊಂಡವರಿದ್ದಾರೆ.

ಈಗ ಸೆಮಿಸ್ಟರ್. ಕೆಲಸ ಬಿಟ್ಟ ತಿಂಗಳು ಏನಾಗುತ್ತದೆ ನೋಡಿ. ಸಂಬಳ ನಿಂತಿತು. ಸಾಲದ ಮೊದಲ ಕಂತು ನೇರ ಕಾಲೇಜಿಗೆ ಹೋಯಿತು, ನಿಮ್ಮ ಕೈಗೆ ಬರಲಿಲ್ಲ. ಪುಸ್ತಕ, ಠೇವಣಿ, ಲ್ಯಾಪ್‌ಟಾಪ್ ಎಲ್ಲವೂ ಅದೇ ವಾರ. ಕಾರ್ಡು ಬೀರುವಿನಿಂದ ಹೊರಬಂತು. ಪರೀಕ್ಷೆಯ ಗಡಿಬಿಡಿಯಲ್ಲಿ ಒಂದು ಬಿಲ್ಲು ತಪ್ಪಿತು. ಒಂದು ವರ್ಷ ಸ್ವಚ್ಛವಾಗಿದ್ದ ಖಾತೆಯಲ್ಲಿ ಹೊಸದಾಗಿ ತಪ್ಪಿದ ಒಂದು ಕಂತು, ಹಳೆಯ ಹತ್ತು ತಪ್ಪುಗಳ ಜೊತೆ ಸೇರಿ ಹನ್ನೊಂದನೆಯದಾಗಿ ಕಾಣುವುದಿಲ್ಲ. "ಇವರು ಮತ್ತೆ ಶುರು ಮಾಡಿದರು" ಎಂದು ಕಾಣುತ್ತದೆ.

ಅದಕ್ಕೆ ನನ್ನ ಸಲಹೆ ವಿಚಿತ್ರವೆನಿಸಬಹುದು: ಹಳೆಯ ಸಾಲ ತೀರಿಸುವ ಆತುರದಲ್ಲಿ ಕೈ ಪೂರ್ತಿ ಬರಿದು ಮಾಡಿಕೊಳ್ಳಬೇಡಿ. ಈ ಹದಿನೆಂಟು ತಿಂಗಳಲ್ಲಿ ಮೊದಲು ಕಾರ್ಡಿನ ಬಾಕಿಯನ್ನು ಮಿತಿಯ ಶೇ. 30ರ ಕೆಳಗೆ ತನ್ನಿ, ಸಾಧ್ಯವಾದರೆ ಶೇ. 10ಕ್ಕೆ. ಜೊತೆಜೊತೆಗೇ ಆರು ತಿಂಗಳ ಕಡ್ಡಾಯ ಖರ್ಚನ್ನು ಬೇರೆಯೇ ಖಾತೆಯಲ್ಲಿ ಕೂಡಿಡಿ. ಬರೆದುಹಾಕಿದ ಸಾಲದ ಮಾತುಕತೆ ಇವೆರಡೂ ಒಂದು ಹದಕ್ಕೆ ಬಂದ ಮೇಲೆ. ನನ್ನ ವೃತ್ತಿಯಲ್ಲಿ ಎಲ್ಲರೂ ಇದನ್ನು ಒಪ್ಪುವುದಿಲ್ಲ. ಬಡ್ಡಿಯ ಲೆಕ್ಕ ಹಾಕಿದರೆ ಉಳಿತಾಯಕ್ಕಿಂತ ಸಾಲ ತೀರಿಸುವುದೇ ಲಾಭ. ಆದರೆ ಸಂಬಳ ನಿಲ್ಲುವ ದಿನಾಂಕ ಮೊದಲೇ ಗೊತ್ತಿರುವ ಮನುಷ್ಯನಿಗೆ ಕೈಯಲ್ಲಿರುವ ಹಣದ ಬೆಲೆ ಬೇರೆ.

ಇನ್ನೊಂದು ಖಾತೆ ಬೇಕೆನಿಸಿದರೆ ಠೇವಣಿಯ ಮೇಲೆ ಕೊಡುವ ಕಾರ್ಡು ತೆಗೆದುಕೊಳ್ಳಿ, ಸ್ಕೋರ್ ಕೆಟ್ಟಿದ್ದರೂ ಸಿಗುತ್ತದೆ. ಅದನ್ನು ಈಗಲೇ ಮಾಡಿ. ಶಿಕ್ಷಣ ಸಾಲದ ಅರ್ಜಿಗೆ ಮೂರು ತಿಂಗಳಿರುವಾಗ ಹೊಸ ಕಾರ್ಡಿಗೆ ಅರ್ಜಿ ಹಾಕಿದರೆ ಅದೇ ಒಂದು ಕೆಂಪು ಗುರುತು. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ, ಆ ಭಯ ಬೇಡ.

ಮತ್ತೊಬ್ಬ ಸದಸ್ಯರು

ನನ್ನ ತಮ್ಮನದೂ ಇದೇ ಕಥೆ. ಅವನ ಶಿಕ್ಷಣ ಸಾಲಕ್ಕೆ ನಾನು ಜಾಮೀನು ನಿಲ್ಲಬೇಕಂತೆ. "ಬರೀ ಸಹಿ ಅಕ್ಕ" ಎನ್ನುತ್ತಾನೆ. ಓದುವಾಗ ಕಂತೇ ಇಲ್ಲವಲ್ಲ, ಏನು ಅಪಾಯ?

ಉತ್ತರ

ಬರೀ ಸಹಿ ಎನ್ನುವುದು ಸಾಲದ ಲೋಕದಲ್ಲಿ ಇಲ್ಲ. ಅವನು ಕಟ್ಟದಿದ್ದರೆ ಬ್ಯಾಂಕು ನಿಮ್ಮನ್ನು ಕೇಳುತ್ತದೆ, ತಪ್ಪಿದ ಕಂತು ನಿಮ್ಮ ವರದಿಯಲ್ಲೂ ಬರಬಹುದು. ನೀವು ನಾಳೆ ಮನೆ ಸಾಲಕ್ಕೆ ಹೋದರೆ ಇದೂ ನಿಮ್ಮ ಹೊರೆಯಾಗಿಯೇ ಲೆಕ್ಕಕ್ಕೆ ಬರಬಹುದು.

ಓದುವಾಗ ಕಂತಿಲ್ಲ, ನಿಜ. ಬಡ್ಡಿ ಇದೆ. ಅದನ್ನು ಸರ್ಕಾರ ಕಟ್ಟುವ ಕೆಲವು ಯೋಜನೆಗಳು ಬೇರೆ. ಉಳಿದ ಕಡೆ ಅದು ಮೊದಲ ದಿನದಿಂದಲೇ ಓಡುತ್ತದೆ. ಶೇ. 10ರ ಸರಳ ಬಡ್ಡಿಗೆ 100 ತೆಗೆದುಕೊಂಡು ಎರಡು ವರ್ಷ ಓದಿ, ಮತ್ತೆ ಕಂತಿಲ್ಲದ ಆರು ತಿಂಗಳ ರಿಯಾಯಿತಿ ಮುಗಿಸಿದರೆ ಕಟ್ಟಲು ಕೂರುವ ದಿನ ಬಾಕಿ 125. ಅದೇ 100ನ್ನು ಆರು ತಿಂಗಳಿಗೆ 25ರಂತೆ ನಾಲ್ಕು ಬಾರಿ ಪಡೆದರೆ 117.5. ತಮ್ಮನಿಗೆ ಹೇಳಿ, ಮಂಜೂರಾದದ್ದನ್ನೆಲ್ಲ ಒಟ್ಟಿಗೆ ಎಳೆದುಕೊಳ್ಳಬಾರದು. ಓದುವಾಗಲೇ ಬಡ್ಡಿಯಷ್ಟನ್ನು ಕಟ್ಟುತ್ತ ಬಂದರೆ ಇನ್ನೂ ಒಳ್ಳೆಯದು. ಸಹಿ ಹಾಕಲೇಬೇಕಾದರೆ ಅವನ ಸಾಲದ ಖಾತೆಯನ್ನು ನೀವೂ ಪ್ರತಿ ತಿಂಗಳು ನೋಡುವಂತಿರಲಿ. ಮುನಿಸಿಕೊಂಡರೆ ಈಗಲೇ ಮುನಿಸಿಕೊಳ್ಳಲಿ.

ಇನ್ನೊಬ್ಬ ಸದಸ್ಯರು

ಸ್ಕೋರ್ ಸರಿಮಾಡಿಕೊಡುತ್ತೇವೆ, ಮೂವತ್ತು ದಿನದಲ್ಲಿ ಕೆಟ್ಟ ದಾಖಲೆ ಅಳಿಸುತ್ತೇವೆ ಎಂದು ಒಬ್ಬರು ಮುಂಗಡ ಕೇಳಿದ್ದಾರೆ. ಕೊಡಬಹುದೇ?

ಉತ್ತರ

ಬೇಡ. ನಿಜವಾದ ದಾಖಲೆಯನ್ನು ಅಳಿಸುವ ಅಧಿಕಾರ ಅವರಿಗಿಲ್ಲ. ಸುಳ್ಳು ದಾಖಲೆಯಾದರೆ ನೀವೇ ಬಿಟ್ಟಿಯಾಗಿ ಆಕ್ಷೇಪ ಸಲ್ಲಿಸಬಹುದು. ಭಾರತದಲ್ಲೂ ಅಮೆರಿಕದಲ್ಲೂ ಸಾಮಾನ್ಯವಾಗಿ 30 ದಿನದೊಳಗೆ ಇತ್ಯರ್ಥವಾಗಬೇಕು. ಅವರು ಮೂವತ್ತು ದಿನ ಎನ್ನುವುದು ಆ ಗಡುವನ್ನೇ ತಮ್ಮ ಕೈಚಳಕ ಎಂಬಂತೆ ಮಾರುವುದಕ್ಕೆ. ಅಮೆರಿಕದಲ್ಲಂತೂ 1996ರ ಒಂದು ಕಾಯ್ದೆ ಇಂಥ ಸಂಸ್ಥೆಗಳು ಕೆಲಸ ಮುಗಿಸುವ ಮೊದಲು ಹಣ ತೆಗೆದುಕೊಳ್ಳುವುದನ್ನೇ ನಿಷೇಧಿಸಿದೆ.

ನಿಮ್ಮ ವರದಿಯನ್ನು ಸಾಲು ಸಾಲಾಗಿ ಓದಿ. ಭಾರತದಲ್ಲಿ ಈ ವರದಿ ತಯಾರಿಸುವ ಸ್ಕೋರ್ ಸಂಸ್ಥೆಗಳು ನಾಲ್ಕಿವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಒಂದರಲ್ಲಿ ಸರಿ ಇದ್ದದ್ದು ಇನ್ನೊಂದರಲ್ಲಿ ತಪ್ಪಿರುತ್ತದೆ. ಅದೇ ಹೆಸರಿನ ಬೇರೆಯವರ ಸಾಲ, ತೀರಿಸಿದ ಮೇಲೂ ತೆರೆದೇ ಇರುವ ಖಾತೆ: ನಾನು ಹೆಚ್ಚಾಗಿ ಹಿಡಿಯುವುದು ಇವೆರಡನ್ನೇ.

ಪ್ರಶ್ನೆ ಕೇಳಿದವರು

ಮೇಡಂ, ಈಗಷ್ಟೇ ವಸೂಲಿಯವರ ಫೋನ್ ಬಂದಿತ್ತು. ಇಂದು ಸಂಜೆಯೊಳಗೆ ಸ್ವಲ್ಪವಾದರೂ ಹಾಕಿದರೆ ಮೂವತ್ತೈದಕ್ಕೆ ಇಳಿಸುತ್ತಾರಂತೆ. ಪತ್ರ ಆಮೇಲೆ ಕಳುಹಿಸುತ್ತಾರಂತೆ. ಹಾಕಲೇ?

ಉತ್ತರ

ಹಾಕಬೇಡಿ. ಪತ್ರ ಮೊದಲು, ಹಣ ಆಮೇಲೆ. ಬ್ಯಾಂಕಿನ ಅಧಿಕೃತ ಪತ್ರದಲ್ಲಿ ಖಾತೆಯ ಸಂಖ್ಯೆ, ಒಪ್ಪಿದ ಮೊತ್ತ, ದಿನಾಂಕ, ವರದಿಯಲ್ಲಿ ಏನೆಂದು ನಮೂದಿಸುತ್ತಾರೆ ಎನ್ನುವುದು ಇಷ್ಟೂ ಇರಬೇಕು. ಅದಿಲ್ಲದೆ ಹಾಕಿದ "ಸ್ವಲ್ಪ" ಕೆಲವು ಕಡೆ ಹಳೆಯ ಸಾಲಕ್ಕಾಗಿ ಕೋರ್ಟಿಗೆ ಹೋಗಲು ಇರುವ ಕಾಲಮಿತಿಯನ್ನು ಹೊಸದಾಗಿ ಶುರು ಮಾಡಿಬಿಡುತ್ತದೆ, ಮತ್ತು ಆ ಮೊತ್ತ ಬಡ್ಡಿಗೆ ಜಮೆಯಾಗಿ ಅಸಲು ಹಾಗೆಯೇ ಉಳಿಯುತ್ತದೆ. ಹಣವನ್ನು ಬ್ಯಾಂಕಿನ ಸಾಲದ ಖಾತೆಗೇ ಹಾಕಿ, ಯಾರ ಸ್ವಂತ ಖಾತೆಗೂ ಅಲ್ಲ.

ಸಂಜೆಯೊಳಗೆ ಎನ್ನುವ ಗಡುವಿಗೆ ಹೆದರಬೇಡಿ. ನಲವತ್ತು ಒಂದು ವಾರದಲ್ಲಿ ಮೂವತ್ತೈದಾಗಿದೆ, ನೀವು ಏನೂ ಮಾಡದೆಯೇ. ಅಸಲಿನ ಲೆಕ್ಕ ಕೇಳುವ ಪತ್ರವನ್ನು ಇಂದು ರಾತ್ರಿ ಬರೆದು ಬ್ಯಾಂಕಿಗೆ ಮಿಂಚಂಚೆ ಮಾಡಿ. ಉತ್ತರ ಬಂದಾಗ ಖಾತೆ ಸಂಖ್ಯೆಯನ್ನು ಮರೆಮಾಚಿ ಇಲ್ಲಿ ಹಾಕಿ, ಓದಿ ಹೇಳುತ್ತೇನೆ.